ಮೂಕಿ ಹಗುರ

ಅಣ್ಣ ಆ ಹಳೆಯ ಕ್ಯಾಂಪರನ್ನು ಲಾಸ್ ಆಲ್ಟೋಸ್‌ನ ಒಬ್ಬ ಅಜ್ಜಿಯಿಂದ ಕೊಂಡಾಗ ಅದನ್ನು ಎಳೆಯುವಂಥ ಗಾಡಿ ಅವನ ಹತ್ತಿರ ಇರಲಿಲ್ಲ. ಮೊಟ್ಟೆಯಾಕಾರದ, ಅಲ್ಯುಮಿನಿಯಂ ಮೈಯ, ಒಳಗೆ ಎರಡು ಮಂಚ ಮತ್ತು ಒಂದು ಒಲೆ ಇರುವ, ಚಕ್ರಗಳ ಮೇಲಿನ ಪುಟ್ಟ ಮನೆ ಅದು. ಬಾಡಿಗೆಗೆ ಒಂದು ಟ್ರಕ್ಕು ತಂದರೆ ಆಗುತ್ತಿತ್ತು. ಅವನು ಒಪ್ಪಲಿಲ್ಲ. ಅಷ್ಟು ಚೆಂದದ ಹಳೆಯ ವಸ್ತುವಿಗೆ ಅದೇ ಕಾಲದ ಸ್ಟೇಷನ್ ವ್ಯಾಗನ್ನೇ, ಡಿಕ್ಕಿಯವರೆಗೂ ಚಾವಣಿ ಚಾಚಿದ ಉದ್ದ ಕಾರೇ, ಜೋಡಿಯಾಗಬೇಕು ಎಂದ. ಸ್ಯಾನ್ ಮಟಿಯೋದ ಅವನ ಅಪಾರ್ಟ್‌ಮೆಂಟಿನಲ್ಲಿ ಜಾಗವಿಲ್ಲದ್ದರಿಂದ ಕ್ಯಾಂಪರು ಲಾರಿಯ ಮೇಲೇರಿ ಸಾಂಟಾ ಕ್ಲಾರಾದ ನಮ್ಮ ಮನೆಯ ಪಕ್ಕಕ್ಕೆ ಬಂದು ಕೂತಿತು. ಆ ಚಳಿಗಾಲದ ಶನಿವಾರಗಳೆಲ್ಲ ವ್ಯಾಗನ್ ಹುಡುಕುವುದರಲ್ಲಿ ಕಳೆದವು.

ಮೂರು ನೋಡಿದೆವು. ಮೊದಲನೆಯದು ಯುರೋಪಿನದು, ಟ್ರಂಕಿನ ಹಾಗೆ ಚೌಕ. ಇಷ್ಟು ಭಾರ ಎಳೆಯುವುದು ಇದರ ಕೈಲಿ ಆಗದು ಎಂದು ಮಾರುವವನೇ ಹೇಳಿದ. ಎರಡನೆಯದರ ಅಡಿಭಾಗ ತುಕ್ಕು ಹಿಡಿದಿತ್ತು. ಕೊಂಡಿ ಬಿಗಿಯುವ ಜಾಗದಲ್ಲಿ ಬೆರಳಿಟ್ಟರೆ ಪುಡಿ ಉದುರುತ್ತಿತ್ತು. ಮೂರನೆಯದು ಉದ್ದನೆಯ ಅಮೆರಿಕನ್ ವ್ಯಾಗನ್. ಪಕ್ಕಗಳಿಗೆ ಮರದ ಹಲಗೆಯಂತೆ ಕಾಣುವ ಹಾಳೆ ಅಂಟಿಸಿದ್ದರು. ದೊಡ್ಡ ಎಂಜಿನ್ನು. ಕೊನೆಯಲ್ಲಿ ಹಿಂಬದಿಗೆ ಮುಖ ಮಾಡಿದ ಸೀಟು. ಒಂಬತ್ತು ವರ್ಷದ ನನ್ನ ಮಗಳು ಅದರಲ್ಲಿ ಹತ್ತಿ ಕೂತವಳು ಇಳಿಯಲೇ ಇಲ್ಲ. ಅಣ್ಣ ಇನ್ನೂ ಬಾನೆಟ್ಟಿನೊಳಗೆ ಬಗ್ಗಿ ನೋಡುತ್ತಿದ್ದ. ಇದೇ ಇರಲಿ ಎಂದು ನಾನು ಹೇಳಿದೆ.

ಮಾರಿದವನು ನಿವೃತ್ತ ಮೆಕ್ಯಾನಿಕ್ಕು, ನಿಧಾನಕ್ಕೆ ಮಾತಾಡುವ ಮನುಷ್ಯ. ಕೊಂಡಿಯ ಗುಂಡನ್ನು ತೋರಿಸುತ್ತಾ ಟ್ರೇಲರಿನ ಮೂತಿಗೆ ಟಂಗ್ ಅನ್ನುತ್ತಾರೆ, ಒಟ್ಟು ಭಾರದಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚೇ ಅದರ ಮೇಲೆ ಕೂರಬೇಕು, ಸಾಮಾನು ಮುಂದಕ್ಕಿಡಿ, ಇಲ್ಲದಿದ್ದರೆ ವೇಗದಲ್ಲಿ ಟ್ರೇಲರು ಬಾಲ ಬೀಸುತ್ತದೆ ಎಂದು ಎರಡು ಸಲ ಹೇಳಿದ. ಅಣ್ಣನಿಗೆ ಅವನ ಉಚ್ಚಾರಣೆ ಅರ್ಧಂಬರ್ಧ ಹಿಡಿಯಿತು. ನನ್ನತ್ತ ನೋಡಿದ. ನಾನು ನಗುತ್ತಾ, ನಾಲಗೆ ಭಾರ ಅಂತೆ ಎಂದೆ.

"ನಾಲ್ಗೆ ಅಲ್ಲ ಕಣವ್ವ. ಅದು ಮೂಕಿ."

ಎತ್ತಿನ ಗಾಡಿಯಲ್ಲಿ ನೊಗ ಕಟ್ಟುವ ಮುಂದಿನ ತುದಿ ಮೂಕಿ. ಎಷ್ಟೋ ವರ್ಷದಿಂದ ಕೇಳದೇ ಇದ್ದ ಮಾತು. ಮಂಡ್ಯದಲ್ಲಿ ಅಪ್ಪ ಕಾರ್ಖಾನೆಗೆ ಗಾಡಿಯಲ್ಲಿ ಕಬ್ಬು ಹೊಡೆಯುತ್ತಿದ್ದಾಗ ಅಣ್ಣ ಜೊತೆಗೆ ಹೋಗುತ್ತಿದ್ದ. ನಾನು ಅವನಿಗಿಂತ ಹತ್ತು ವರ್ಷ ಚಿಕ್ಕವಳು, ನನಗೆ ನೆನಪಿರುವುದು ಗಾಡಿ ಮಾರಿದ ಮೇಲಿನ ಕೊಟ್ಟಿಗೆ ಮಾತ್ರ. ಅಂಥ ಪದವೊಂದು ಕ್ಯಾಲಿಫೋರ್ನಿಯಾದ ಒಂದು ಗ್ಯಾರೇಜಿನ ಮುಂದೆ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ, ಮೆಕ್ಯಾನಿಕ್ಕು ಏನು ಹೇಳಿದ ಎಂಬುದನ್ನು ನಾನು ಪೂರ್ತಿ ಹೇಳಲೇ ಇಲ್ಲ.

ಹೊರಡುವ ಬೆಳಿಗ್ಗೆ ಅಣ್ಣ ಸಾಮಾನು ತುಂಬಿದ. ಸಮುದ್ರದ ಕಡೆ ಎರಡು ದಿನದ ಕ್ಯಾಂಪಿಂಗು. ನೀರಿನ ಕ್ಯಾನುಗಳು, ಐಸ್ ಪೆಟ್ಟಿಗೆ, ಸೌದೆ, ಕಬ್ಬಿಣದ ಕಾವಲಿ, ಅತ್ತಿಗೆಯ ದಪ್ಪ ತಳದ ಮುದ್ದೆ ಪಾತ್ರೆ, ಎಲ್ಲವೂ ಕ್ಯಾಂಪರಿನ ಹಿಂಬದಿಗೆ ಹೋದವು. ಎತ್ತಿನ ಗಾಡಿಗೆ ಹಾಗೆಯೇ ತುಂಬುವುದು. ಭಾರ ಮುಂದೆ ಬಂದರೆ ಎತ್ತುಗಳ ಕತ್ತು ಮುರಿಯುತ್ತದೆ. ಅಣ್ಣ ಮೂಕಿಯನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದ.

"ನೋಡಿಲ್ಲಿ, ಹೂವು ಎತ್ತಿದಂಗೆ. ಹಳೇ ಕಾರು ಪಾಪ, ಬೆನ್ನು ಬಗ್ಗಲ್ಲ."

ವ್ಯಾಗನ್ನಿನ ಹಿಂಭಾಗ ನಿಜಕ್ಕೂ ಒಂದಿಷ್ಟೂ ತಗ್ಗಿರಲಿಲ್ಲ. ಮೆಕ್ಯಾನಿಕ್ಕನ ಮಾತು ನನಗೆ ನೆನಪಾಯಿತು. ಇದು ನಂತರ ಹೊಳೆದದ್ದಲ್ಲ. ಆ ಕ್ಷಣದಲ್ಲೇ, ಕಾಫಿ ಲೋಟ ಹಿಡಿದು ನಿಂತಿದ್ದಾಗಲೇ ನೆನಪಾಯಿತು. ನಾನು ಸಿವಿಲ್ ಎಂಜಿನಿಯರಿಂಗ್ ಓದಿದವಳು. ಒಂದು ಕಾಗದದ ಮೇಲೆ ಗೀಟು ಎಳೆದು ತೋರಿಸಬಹುದಿತ್ತು. ಆದರೆ ಅಣ್ಣನ ಮುಖದಲ್ಲಿ ಅಪ್ಪನ ಕೆಲಸ ಗೊತ್ತಿರುವವನ ಗತ್ತು ಇತ್ತು. ಈ ದೇಶದಲ್ಲಿ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿರುವ ವಿಷಯಗಳು ಹೆಚ್ಚಿಲ್ಲ. ಸುಮ್ಮನಿದ್ದೆ. ಅತ್ತಿಗೆ ಅಣ್ಣನ ಪಕ್ಕ ಕೂತರು. ಮಗಳು ಹಿಂದಿನ ತನ್ನ ಸೀಟಿಗೆ ಹೋಗಿ ಸೊಂಟದ ಬೆಲ್ಟು ಹಾಕಿಕೊಂಡಳು. ಆ ಸೀಟಿಗೆ ಇದ್ದದ್ದು ಅದೊಂದೇ.

ನಾನು ನನ್ನ ಕಾರಿನಲ್ಲಿ ಹಿಂದೆ ಹೊರಟೆ. ಟು ಎಯ್ಟಿ ಫ್ರೀವೇಯಲ್ಲಿ ಲಾಸ್ ಆಲ್ಟೋಸ್ ದಾಟಿದ ಮೇಲೆ ಒಂದು ಉದ್ದ ಇಳಿಜಾರು ಬರುತ್ತದೆ. ಅಲ್ಲಿ ವೇಗ ತಾನಾಗಿ ಏರುತ್ತದೆ. ಕ್ಯಾಂಪರಿನ ಹಿಂಭಾಗ ಸ್ವಲ್ಪ ಎಡಕ್ಕೆ ಹೋಯಿತು, ಸ್ವಲ್ಪ ಬಲಕ್ಕೆ ಬಂತು. ಗಾಳಿ ಇರಬೇಕು ಅಂದುಕೊಂಡೆ. ಆಮೇಲೆ ಇನ್ನೂ ಹೆಚ್ಚು ಎಡಕ್ಕೆ, ಇನ್ನೂ ಹೆಚ್ಚು ಬಲಕ್ಕೆ. ಅಣ್ಣ ಬ್ರೇಕು ಒತ್ತಿದ. ಕೆಂಪು ದೀಪ ಹೊತ್ತಿದ್ದೇ ತಡ, ಆ ಬೆಳ್ಳಿಯ ಗೋಡೆ ಪಕ್ಕದ ಲೇನಿನವರೆಗೂ ಬೀಸತೊಡಗಿತು.

ಅದು ಬಲಕ್ಕೆ ಹೋದಾಗಲೆಲ್ಲ ವ್ಯಾಗನ್ನಿನ ಹಿಂದಿನ ಗಾಜು ಕಾಣುತ್ತಿತ್ತು. ಗಾಜಿನಲ್ಲಿ ಮಗಳು. ಎಡಕ್ಕೆ ಬಂದಾಗ ಮುಚ್ಚಿಹೋಗುತ್ತಿದ್ದಳು. ಮೊದಲ ಸಲ ಕಂಡಾಗ ನನ್ನ ಕಡೆ ಕೈ ಬೀಸಿದಳು. ಎರಡನೆಯ ಸಲವೂ ಬೀಸಿದಳು. ಮೂರನೆಯ ಸಲ ಕೈ ಎತ್ತಿದ್ದು ಹಾಗೆಯೇ ನಿಂತಿತ್ತು, ಅವಳು ನನ್ನನ್ನು ನೋಡುತ್ತಿರಲಿಲ್ಲ, ತನ್ನ ಮೇಲೆ ಬರುತ್ತಿರುವ ಅದನ್ನು ನೋಡುತ್ತಿದ್ದಳು. ನಾನು ಅಪಾಯದ ದೀಪ ಹಾಕಿ ಎರಡು ಲೇನುಗಳ ನಡುವೆ ಕಾರು ಓಡಿಸುತ್ತಾ ಹಿಂದಿನವರನ್ನು ತಡೆದೆ. ಅಷ್ಟೇ ನನ್ನಿಂದಾದದ್ದು. ಇಳಿಜಾರು ಮುಗಿದು ಏರು ಬಂತು, ವೇಗ ಸತ್ತಿತು, ಎರಡೂ ಗಾಡಿಗಳು ಮಡಚಿದ ಮೊಣಕೈಯಂತೆ ರಸ್ತೆಯ ಅಂಚಿನಲ್ಲಿ ನಿಂತವು.

ಮಗಳಿಗೆ ಏನೂ ಆಗಿರಲಿಲ್ಲ. ಅವಳನ್ನು ಹೊರಗೆ ಎಳೆದುಕೊಂಡಾಗ ಬೆಲ್ಟು ಬಿಚ್ಚುವುದನ್ನು ಮರೆತು ಅವಳ ಹೊಟ್ಟೆ ನೋಯಿಸಿದ್ದು ನಾನೇ. ಪೊಲೀಸ್ ಹೆಂಗಸೊಬ್ಬಳು ಬಂದು ಕ್ಯಾಂಪರಿನ ಬಾಗಿಲು ತೆರೆದು ನೋಡಿ, ಇಷ್ಟೂ ಭಾರ ಹಿಂದೆ ಯಾರಿಟ್ಟರು ಎಂದು ಕೇಳಿದಳು. ಅತ್ತಿಗೆ ಒಂದೊಂದೇ ಕ್ಯಾನನ್ನು ಮುಂದಕ್ಕೆ ಸಾಗಿಸಿದರು. ಅಣ್ಣ ನನ್ನ ಹತ್ತಿರ ಬಂದು ಹೇಳಿದ್ದು ಒಂದೇ ಮಾತು.

"ಏನೂ ಆಗ್ನಿಲ್ಲ ಬುಡವ್ವ. ಗಾಳಿ."

ಮುಂದಿನ ತಿಂಗಳುಗಳಲ್ಲಿ ಆ ಗಾಳಿ ಬೆಳೆಯುತ್ತಾ ಹೋಯಿತು. ಸ್ನೇಹಿತರ ಮನೆಯ ಊಟದಲ್ಲಿ ಅವನು ಬಣ್ಣಿಸುವುದನ್ನು ಕೇಳಿದೆ. ಅವನ ಕಥೆಯಲ್ಲಿ ಅವನು ಸ್ಟೀರಿಂಗು ಬಿಗಿ ಹಿಡಿದು ಎಲ್ಲರನ್ನೂ ಉಳಿಸಿದ್ದ. ಎಲ್ಲರೂ ಹೌದೌದು ಅಂದರು. ನಾನು ತಟ್ಟೆ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋದೆ. ಈಗಲೂ ಫ್ರೀವೇಯಲ್ಲಿ ಯಾವುದಾದರೂ ಟ್ರೇಲರು ಮುಂದೆ ಸಿಕ್ಕರೆ ನಾನು ಮುಂದಿನ ಎಕ್ಸಿಟ್ಟಿನಲ್ಲಿ ಇಳಿದುಬಿಡುತ್ತೇನೆ, ಆಫೀಸು ತಡವಾದರೂ ಸರಿ.

ಕಳೆದ ವಾರ ಅವನು ಫೋನು ಮಾಡಿದ. ಮತ್ತೆ ಹೊರಟಿದ್ದಾರೆ, ಮಗಳನ್ನು ಕಳಿಸಬೇಕಂತೆ. ಈ ಸಲ ಸಾಮಾನೆಲ್ಲ ಮುಂದೆ ಇಟ್ಟಿದ್ದಾನಂತೆ. ಅಂದರೆ ಗಾಳಿಯಲ್ಲ ಎಂದು ಅವನಿಗೂ ಗೊತ್ತು. ಮಗಳು ಪಕ್ಕದಲ್ಲೇ ನಿಂತು, "ಪ್ಲೀಸ್ ಅಮ್ಮಾ, ಐ ವಾಂಟ್ ಟು ಗೋ" ಅನ್ನುತ್ತಿದ್ದಳು. ನಾನು ಕಳಿಸುವುದಿಲ್ಲ ಎಂದೆ. ಅಣ್ಣ ಕಾರಣ ಕೇಳಿದ. ನಿನ್ನ ತಪ್ಪಿನಿಂದ ಅವಳು ಸಾಯುತ್ತಿದ್ದಳು ಎಂದು ಕೊನೆಗೂ ಹೇಳಿದೆ.



"ಆವತ್ತು ಆ ಮುದುಕ ಇಂಗ್ಲಿಷಲ್ಲಿ ಹೇಳಿದ್ದು ನಿಂಗೆ ತಾನೆ ತಿಳ್ದಿದ್ದು," ಅಂದ. "ನಾನು ತುಂಬೋವಾಗ ನೀನು ಪಕ್ಕದಲ್ಲೇ ಕಾಫಿ ಕುಡೀತಾ ನಿಂತಿದ್ದೆ. ಯಾಕವ್ವ ಬಾಯಿ ಬುಡ್ನಿಲ್ಲ?"

ಫೋನು ಸ್ಪೀಕರಿನಲ್ಲಿತ್ತು. ಮಗಳು ಈಗ ನನ್ನ ಮುಖ ನೋಡುತ್ತಿದ್ದಳು. ಕನ್ನಡ ಅವಳಿಗೆ ಮಾತಾಡಲು ಕಷ್ಟ, ತಿಳಿಯಲು ಕಷ್ಟವಿಲ್ಲ. ನಾನು ಫೋನಿಟ್ಟೆ. "ಯೂ ನ್ಯೂ?" ಎಂದು ಕೇಳಿದಳು. ಹೌದು, ಗೊತ್ತಿತ್ತು ಎಂದೆ. ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಶನಿವಾರ ಅಣ್ಣ ಅತ್ತಿಗೆ ಇಬ್ಬರೇ ಹೋದರು, ಕ್ಷೇಮವಾಗಿ ತಿರುಗಿ ಬಂದರು.