ಟ್ಯಾಂಕಿನ ಬಾಯಿ ಕಾಯುವ ಸಕೀನಾಬಿ

ಹಾರೂಗೇರಿಯಿಂದ ತುಸು ದೂರ, ಕಬ್ಬಿನ ಹೊಲಗಳ ನಡುವಿನ ಸಕ್ಕರೆ ಕಾರ್ಖಾನೆಯ ಹಿಂಭಾಗದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೆಲದೊಳಗಿನ ಟ್ಯಾಂಕಿನ ಬಾಯಿಯ ಪಕ್ಕ ಗೋಣಿಚೀಲ ಹಾಸಿಕೊಂಡು ಸಕೀನಾಬಿ ಕೂತಿದ್ದಾರೆ. ಒಬ್ಬ ಆಳು ಮೈ ಮುದುಡಿ ಇಳಿಯುವಷ್ಟೇ ಅಗಲದ ಬಾಯಿ ಅದು. ಒಳಗೆ ಮಾಳಸಿದ್ದ ಎಂಬ ತರುಣ ಮೊಣಕಾಲುದ್ದ ರಾಡಿಯಲ್ಲಿ ನಿಂತು ಬಕೆಟ್ ತುಂಬುತ್ತಿದ್ದಾನೆ. ಅವನ ಸೊಂಟದ ಹಗ್ಗ ಮೇಲೆ ಇಬ್ಬರು ಆಳುಗಳ ಕೈಯಲ್ಲಿದೆ.

“ಮಾಳಸಿದ್ದಾ!”

“ಓ...”

ತುಸು ಹೊತ್ತು ಬಿಟ್ಟು ಮತ್ತೆ, “ಮಾಳಸಿದ್ದಾ!”

“ಯಕ್ಕಾ, ಜೀವಂತ ಅದೀನಿ ಬೇ!”

ಸಕೀನಾಬಿಯವರ ಕೆಲಸ ಇಷ್ಟೇ. ಒಳಗಿದ್ದವನನ್ನು ಹೆಸರು ಹಿಡಿದು ಕರೆಯುತ್ತಿರಬೇಕು. ಓ ಅನ್ನದಿದ್ದರೆ ಕೊರಳಲ್ಲಿರುವ ಸೀಟಿ ಊದಿ ಹಗ್ಗ ಎಳೆಸಬೇಕು. “ದನಿ ಸಣ್ಣ ಆತಂದ್ರೂ ಎಳಸ್ತೀನ್ರಿ. ಸುಮ್‌ಸುಮ್ನ ಯಾಕ ಎಳಸ್ತಿ ಅಂತ ಸಿಟ್ಟಾಗ್ತಾರ. ಆಗ್ಲಿ. ಸಿಟ್ಟಾಗಾಕ ಜೀವ ಇರಬೇಕಲ್ಲ?” ಎನ್ನುತ್ತಾರೆ. ಬಿಸಿಲು ಏರಿದರೆ ಒಳಗೆ ಉಸಿರಾಡುವುದು ಕಷ್ಟ. ಅದಕ್ಕೇ ನಸುಕಿನಲ್ಲೇ ಕೆಲಸ ಶುರು.

ಈ ಕಂಪನಿ ಮೊದಲು ಬರೀ ಸಕ್ಕರೆ ಮಾಡುತ್ತಿತ್ತು. ಕೆಲವು ವರ್ಷಗಳ ಹಿಂದೆ ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಇಥೆನಾಲ್ ತೆಗೆಯುವ ಘಟಕ ಬಂತು. ಈಗ ಕಾರ್ಖಾನೆಯ ಕಸದಿಂದ ವಾಹನ ಓಡಿಸುವ ಗ್ಯಾಸು ತಯಾರಿಸುವ ದೊಡ್ಡ ಯೋಜನೆ ಎದ್ದಿದೆ. ಗೇಟಿನ ಫಲಕದ ತುಂಬ ಹಸಿರು ಎಲೆ, ನಗುವ ಮಕ್ಕಳು. ಪ್ರತಿ ಹೊಸ ಉದ್ಯಮದ ಬೆನ್ನಿಗೆ ಹೊಸ ಟ್ಯಾಂಕೂ ಬರುತ್ತದೆ. ಅದರ ತಳದಲ್ಲಿ ಕೊಳೆಯುವ ರಾಡಿಯನ್ನು ಯಂತ್ರ ಮುಕ್ಕಾಲು ಪಾಲು ಎತ್ತುತ್ತದೆ. ಉಳಿದದ್ದಕ್ಕೆ ಆಳೇ ಇಳಿಯಬೇಕು. ವಿಷಗಾಳಿ ಅಳೆಯುವ ಉಪಕರಣವೊಂದು ಆಫೀಸಿನ ಕಪಾಟಿನಲ್ಲಿದೆ. ಕಪಾಟಿಗೆ ಬೀಗ.

ಇಥೆನಾಲ್ ಘಟಕದ ಉದ್ಘಾಟನೆಯ ಹಿಂದಿನ ದಿನ ಲಗಮಣ್ಣ ಎಂಬ ಆಳು ಇದೇ ಟ್ಯಾಂಕಿಗೆ ಇಳಿದಿದ್ದರು. ಬಾಯಿಯ ಹತ್ತಿರ ಕಾಯಬೇಕಿದ್ದವನನ್ನು ಪೆಂಡಾಲು ಕಟ್ಟಲು ಕರೆದೊಯ್ದಿದ್ದರು. ಲಗಮಣ್ಣ ಎಷ್ಟು ಹೊತ್ತಿನಿಂದ ಬಿದ್ದಿದ್ದರೋ ಯಾರಿಗೂ ಗೊತ್ತಿಲ್ಲ. ಆ ಹಾದಿಯಲ್ಲಿ ಬಂದ ಸಕೀನಾಬಿಯವರ ಗಂಡ ಬಗ್ಗಿ ನೋಡಿದರು. ಮೂಗಿಗೆ ಟವೆಲ್ ಸುತ್ತಿಕೊಂಡು, ಹಗ್ಗವೂ ಇಲ್ಲದೆ ಇಳಿದರು. ಇಬ್ಬರ ಹೆಣಗಳೂ ಒಟ್ಟಿಗೇ ಮೇಲೆ ಬಂದವು. ಮರುದಿನದ ಸಮಾರಂಭ ನಿಲ್ಲಲಿಲ್ಲ. ಬ್ಯಾಂಡು ಮಾತ್ರ ಬೇಡವೆಂದರು.

ಗಂಡನ ಹೆಸರೇನು ಎಂದು ಕೇಳಿದರೆ ಸಕೀನಾಬಿ ಸೆರಗು ಎಳೆದುಕೊಂಡು ಆಳುಗಳ ಕಡೆ ನೋಡುತ್ತಾರೆ. ಬಾಬುಸಾಬ ಎಂದು ಹಗ್ಗ ಹಿಡಿದವರೇ ಹೇಳಬೇಕು. “ಗಂಡನ ಹೆಸರ ಹಿಡದ ಕರಿಯೂದ ನಮ್ಮಲ್ಲಿ ಇಲ್ರಿ. ಅವತ್ತ ನಾ ಇಲ್ಲಿ ಇದ್ದಿದ್ರ ಕರೀತಿದ್ದೆ,” ಎನ್ನುತ್ತಾರೆ.

ಕಂಪನಿ ಅವರಿಗೆ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುವ ಕೆಲಸ ಕೊಡಲು ಬಂತು. ಅವರು ಒಪ್ಪಲಿಲ್ಲ. ಟ್ಯಾಂಕಿನ ಬಾಯಿಗೆ ಕೂಡಿಸಿರಿ ಎಂದು ಪಟ್ಟು ಹಿಡಿದರು. “ಹೆಣ್ಣಮಗಳ ಕೆಲಸ ಅಲ್ಲ ಅದು ಯವ್ವಾ,” ಎಂದರಂತೆ ಸೂಪರ್‌ವೈಸರ್ ಮಹಾವೀರ. “ರೊಟ್ಟಿ ಬಡ್ಯಾಕ ಊರ ತುಂಬ ಮಂದಿ ಸಿಗತಾರ್ರಿ ಸಾಹೇಬ್ರ. ಅವತ್ತ ಇಲ್ಲಿ ಒಬ್ಬರೂ ಇರಲಿಲ್ಲ,” ಎಂದರು ಇವರು. ಕೊನೆಗೆ ಇಲ್ಲಿಗೇ ಕೂಡಿಸಿದರು.

ಹೋದ ತಿಂಗಳು ಬೆಳಗಿನ ಮುಹೂರ್ತದಲ್ಲಿ ಗ್ಯಾಸಿನ ಯೋಜನೆಯ ಭೂಮಿಪೂಜೆ ನಡೆಯಿತು. ಮುಂಬೈಯಿಂದ ಅತಿಥಿಗಳು ಬಂದಿದ್ದರು. ಅವರಿಗೆ ಹೂಗುಚ್ಛ ಕೊಡಲು ಹೆಂಗಸರು ಸಾಲದೆ ಮಹಾವೀರ ಟ್ಯಾಂಕಿನ ಕಡೆ ಓಡಿಬಂದರು. “ಎರಡ ಮಿನಿಟ ಬಾರವಾ.” ಮಾಳಸಿದ್ದ ಮೇಲೆ ಬರಲಿ, ಆಮೇಲೆ ಬರುತ್ತೇನೆಂದರು ಸಕೀನಾಬಿ. “ಹಗ್ಗದವರು ಅದಾರಲ್ಲ?” ಎಂದು ಅವರು, “ಹಗ್ಗ ಕರಿಯೂದಿಲ್ರಿ” ಎಂದು ಇವರು. ವಾದದಲ್ಲಿ ಒಂದು ಕರೆ ತಪ್ಪಿತು. ತಿರುಗಿ ಕೂಗಿದರೆ ಒಳಗಿನಿಂದ ದನಿಯಿಲ್ಲ.

ಸೀಟಿ ಊದಿದರು. ಅತಿಥಿಗಳ ಭಾಷಣ ಅರ್ಧಕ್ಕೆ ನಿಂತಿತು. ಮಹಾವೀರರೂ ಹಗ್ಗಕ್ಕೆ ಕೈ ಹಾಕಿದರು. ಮೇಲೆ ಬಂದ ಮಾಳಸಿದ್ದನ ತುಟಿ ನೀಲಿಗಟ್ಟಿತ್ತು. ಮೀರಜಿನ ದವಾಖಾನೆಯಲ್ಲಿ ಉಸಿರು ತಿರುಗಿತು. ಈಗ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ, ಆದರೂ ಅದೇ ಟ್ಯಾಂಕಿಗೆ ಇಳಿಯುತ್ತಾನೆ. “ಬ್ಯಾರೆ ಎಲ್ಲಿ ಹೋಗ್ಲಿರಿ? ಇಲ್ಲಿ ಕರಿಯಾಕ ಅಕ್ಕ ಆದ್ರೂ ಅದಾಳ,” ಎನ್ನುತ್ತಾನೆ.

ಇನ್ನು ಮುಂದೆ ಕಾರ್ಯಕ್ರಮವಿದ್ದಾಗ ಸೀಟಿ ಊದಬೇಡಿ, ಕೈ ಬೀಸಿ ಕರೆಯಿರಿ ಎಂದು ಆಫೀಸಿನವರು ಸಕೀನಾಬಿಗೆ ತಾಕೀತು ಮಾಡಿದ್ದಾರೆ. “ಕೈ ಬೀಸಿದ್ರ ಯಾರ ನೋಡ್ತಾರ್ರಿ? ಎಲ್ಲಾರೂ ಸ್ಟೇಜ್ ಕಡೆ ನೋಡಾಕತ್ತಿದ್ರು,” ಎಂದು ಅವರು ಮತ್ತೆ ಬಾಯಿಯತ್ತ ಬಗ್ಗುತ್ತಾರೆ.

ಹೊಸ ಯೋಜನೆಯ ಟ್ಯಾಂಕು ಬಾಯ್ಲರಿನ ಆಚೆ ಏಳುತ್ತಿದೆ. ಅದನ್ನೂ ನೀವೇ ನೋಡಿಕೊಳ್ಳಿ ಎಂದಿದ್ದಾರಂತೆ. ಅಲ್ಲಿಂದ ಕೂಗಿದರೆ ಇಲ್ಲಿಗೆ ಕೇಳಿಸುವುದಿಲ್ಲ. ತನಗೆಂದು ಅವರು ಏನನ್ನೂ ಕೇಳಿಲ್ಲ. ಅಲ್ಲಿಗೆ ಇನ್ನೊಬ್ಬರನ್ನು ಕೂಡಿಸಿರಿ ಎಂದಷ್ಟೇ ಕೇಳಿಕೊಂಡಿದ್ದಾರೆ. ನೋಡೋಣ ಎಂಬ ಉತ್ತರ ಬಂದಿದೆ.

“ನಾ ಕೂತ ಮ್ಯಾಲ ಇಲ್ಲಿ ಇಳದವರೆಲ್ಲಾ ತಿರಗಿ ಮನಿಗೆ ಹೋಗ್ಯಾರ್ರಿ,” ಎನ್ನುತ್ತಾರೆ ಸಕೀನಾಬಿ. “ಆ ಕಡೆ ಟ್ಯಾಂಕಿನ ಮಾತ ನನಗ ಹೇಳಾಕ ಆಗೂದಿಲ್ಲ.”