ಭಾವನನ್ನು ಹಳ್ಳ ದಾಟಿಸಿದವರು

ಎರಡು ಸಾವಿರದ ಇನ್ನೂರು ರೂಪಾಯಿ. ಮೂರು ವರ್ಷದ ಹಿಂದೆ, ದೀಪಾವಳಿಗೆ ನಾಲ್ಕು ದಿನ ಇರುವಾಗ, ಕೊಳ್ಳೇಗಾಲದ ಆಸ್ಪತ್ರೆಯಿಂದ ನಮ್ಮ ಭಾವನ ದೇಹವನ್ನು ಅವರ ಊರಿಗೆ ಸಾಗಿಸಲು ನಾನು ಗೂಡ್ಸ್ ಗಾಡಿಗೆ ಮಾತಾಡಿದ ಬಾಡಿಗೆ ಅದು. ಹೊರಗೆ ನಿಂತಿದ್ದ ಆಂಬುಲೆನ್ಸಿನವನು ನಾಲ್ಕೂವರೆ ಸಾವಿರ ಕೇಳಿದ್ದ. ಅರ್ಧಕ್ಕರ್ಧ ಉಳಿಯಿತಲ್ಲ ಅಂತ ಆ ದುಃಖದಲ್ಲೂ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಉಳಿದದ್ದು ನನಗೆ. ಬೆಲೆ ತೆತ್ತವರು ಬೇರೆಯವರು.

ನಾನು ಹಳೇ ಗೋಣಿಚೀಲದ ವ್ಯಾಪಾರಿ. ಸೈಕಲ್ ಮೇಲೆ ಮನೆ ಮನೆ ಸುತ್ತಿ ಚೀಲ ಕೊಳ್ಳುತ್ತಿದ್ದವನು ಇವತ್ತು ಸ್ವಂತ ಗೋದಾಮು ಇಟ್ಟಿದ್ದೇನೆ ಅಂದರೆ ಅದು ಚೌಕಾಸಿಯಿಂದಲೇ. ಯಾರು ಎಷ್ಟು ಹೇಳಿದರೂ ಅರ್ಧಕ್ಕೆ ಕೇಳುವುದು ನನ್ನ ಅಭ್ಯಾಸ. ಆಂಬುಲೆನ್ಸಿನವನು, "ಸಾ, ಮಳೆ ಬಿದ್ದದೆ. ಕೌದಳ್ಳಿಯಿಂದಾಚೆ ಅಳ್ಳ ಬಂದಿರ್ತದೆ. ನಾನು ಸುತ್ತಾಕಂಡು ಓಗ್ಬೇಕು, ಅದ್ಕೇ ಆ ರೇಟು" ಅಂದ. ಸುತ್ತುದಾರಿಯ ಕಥೆಯನ್ನು ನನಗೆ ಹೇಳದ ಡ್ರೈವರೇ ಇಲ್ಲ. ಅವನ ಮಾತು ಮುಗಿಯುವ ಮೊದಲೇ ನನ್ನ ಮಾಲು ಹೊಡೆಯುವ ಗಾಡಿಯವನಿಗೆ ಫೋನ್ ಮಾಡಿದೆ.

ಭಾವ ಹೋದದ್ದು ಹಿಂದಿನ ರಾತ್ರಿ, ಎದೆನೋವಿನಿಂದ. ಆಸ್ಪತ್ರೆಯ ಕಾಗದ ಪತ್ರ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಒಂದೂವರೆ. ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಮಣ್ಣು ಮಾಡುವುದಿಲ್ಲ. ಊರಲ್ಲಿ ಗುಣಿ ತೋಡಿ, ಕ್ರಿಯೆ ಮಾಡಿಸುವ ಅಯ್ಯನವರನ್ನು ಕರೆಸಿದ್ದರು. ಭಾವನ ತಾಯಿ ಮಗನ ಮುಖ ನೋಡಲು ಕಾಯುತ್ತಿದ್ದರು. ದೇಹ ಅದಾಗಲೇ ಒಂದು ರಾತ್ರಿ ಕಂಡಿತ್ತು. ಐಸ್ ಇರಲಿಲ್ಲ. ಇನ್ನೊಂದು ರಾತ್ರಿ ಇಡುವ ಹಾಗಿರಲಿಲ್ಲ.

ಗಾಡಿಯ ಹಿಂದೆ ಟಾರ್ಪಾಲಿನ ಕೆಳಗೆ ನಮ್ಮಕ್ಕ ಭಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ. ಅವಳು ಅಳಲೂ ಇಲ್ಲ, ಮಾತೂ ಆಡಲಿಲ್ಲ. ಹನೂರು ದಾಟುವವರೆಗೆ "ಸಮಾಧಾನ ಮಾಡ್ಕೊ ಅಕ್ಕ, ನಮ್ ಕೈಲಿ ಏನೈತೆ" ಅಂತ ಹತ್ತು ಸಲ ಹೇಳಿದ್ದೆ. ಅವಳಿಗೆ ಕೇಳಿಸಿದ ಹಾಗೆ ಕಾಣಲಿಲ್ಲ.

ಕೌದಳ್ಳಿ ಕಳೆದು ಊರಿನ ಮಣ್ಣುದಾರಿಗೆ ತಿರುಗಿ ಒಂದು ಫರ್ಲಾಂಗ್ ಹೋದೆವು. ಹಳ್ಳ ಬಂದಿತ್ತು. ಸೊಂಟದ ಮಟ್ಟಕ್ಕೆ ಕೆಂಪು ನೀರು. ಆಚೆ ದಡದಿಂದ ಊರಿಗೆ ಮೂರು ಕಿಲೋಮೀಟರ್. ಫೋನಿಗೆ ಸಿಗ್ನಲ್ ಇಲ್ಲ. ಗಂಟೆ ಮೂರು ಕಾಲು. ಸುತ್ತುದಾರಿ ಇದೆ, ಆದರೆ ಆ ಕೆಸರಲ್ಲಿ ಮೂರು ಗಂಟೆಯಾದರೂ ಬೇಕು. ಅಷ್ಟರಲ್ಲಿ ಕತ್ತಲಾಗುತ್ತದೆ. ಡ್ರೈವರ್ ಇಳಿದು ನೀರು ನೋಡಿ, "ನೀವ್ ಮಾತಾಡಿದ್ ಎರಡು ಸಾವ್ರದ್ ಇನ್ನೂರಕ್ಕೆ ಇಲ್ಲೀಗಂಟ ಸಾ. ಗಾಡಿ ನೀರ್ಗಿಳಿಸಾಕಾಗಲ್ಲ" ಅಂದ. ಅವನದು ತಪ್ಪಲ್ಲ.

ಅಕ್ಕ ಆಗ ತಲೆ ಎತ್ತಿ ನನ್ನನ್ನು ನೋಡಿದಳು. "ಇದ್ರಲ್ಲೂ ಚೌಕಾಸಿ ಮಾಡಿದ್ಯೇನ್ಲಾ?"

ನಾನು ಗಾಡಿಯಿಂದ ಇಳಿದೆ. ವಾಪಸ್ ಡಾಂಬರು ರಸ್ತೆಗೆ ಓಡಿದೆ.

ಅಲ್ಲಿ ಬಸ್ ತಂಗುದಾಣದಲ್ಲಿ ಮಳೆಗೆ ನಿಂತಿದ್ದ ಹನ್ನೊಂದು ಜನ ಇದ್ದರು. ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಪರಸೆ, ಅಂದರೆ ಹರಕೆ ಯಾತ್ರೆಯ ಗುಂಪು. ಯಳಂದೂರು ಕಡೆಯ ಅಗರದವರು. ಬರಿಗಾಲಲ್ಲಿ ಮೂರು ದಿನ ನಡೆದು ಬಂದವರು, ಕೆಲವರ ಪಾದಕ್ಕೆ ಬಟ್ಟೆ ಸುತ್ತಿತ್ತು. ಮುಂದಾಳು ಎಪ್ಪತ್ತು ಸಮೀಪಿಸಿದ ಮಾದಯ್ಯ ಎಂಬ ಹಿರಿಯರು. ನಾನು ಕೈಮುಗಿದು ವಿಷಯ ಹೇಳಿದೆ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಕಾರಣ ನನಗೂ ಗೊತ್ತಿತ್ತು. ಪರಸೆ ಹೊರಟವರು ಹೆಣ ಮುಟ್ಟಿದರೆ ಸೂತಕ. ಬೆಟ್ಟ ಹತ್ತುವ ಹಾಗಿಲ್ಲ, ಅಲ್ಲಿಂದಲೇ ಮನೆಗೆ ತಿರುಗಬೇಕು. ಮೂರು ದಿನದ ನಡಿಗೆ ನೀರಿಗೆ ಹಾಕಿದ ಹಾಗೆ.

ನನಗೆ ಗೊತ್ತಿರುವುದು ಒಂದೇ ಭಾಷೆ. ಆಳಿಗೆ ಸಾವಿರ ಕೊಡುತ್ತೇನೆ ಅಂದೆ.

ಮಾದಯ್ಯ ನನ್ನನ್ನೇ ನೋಡಿ, "ನೀನು ಸಾವ್ರ ಅನ್ನದು, ನಾವು ಎರಡ್ಸಾವ್ರ ಅನ್ನದು, ಅಷ್ಟ್ರಲ್ಲಿ ಒತ್ತು ಮುಳುಗ್ತದೆ. ಮಡಿಕ್ಕೊ ನಿನ್ ದುಡ್ಡ" ಅಂದರು. ಆಮೇಲೆ ತಮ್ಮವರ ಕಡೆ ತಿರುಗಿ, ಸ್ವಂತ ಹರಕೆ ಹೊತ್ತವರು ಯಾರು, ಜೊತೆಗೆಂದು ಬಂದವರು ಯಾರು ಅಂತ ಕೇಳಿದರು. ಐದು ಜನ ಹರಕೆಯವರು ಒಂದು ಕಡೆ ನಿಂತರು. ಮಾದಯ್ಯನೂ ಸೇರಿ ಹೆಗಲು ಕೊಡುವ ಆರು ಜನ ಈ ಕಡೆ. ಈ ಆರು ಜನ ತಮ್ಮ ಗಂಟುಗಳನ್ನು, ದೇವರಿಗೆ ಅಂತ ಕಟ್ಟಿ ತಂದಿದ್ದ ಅಕ್ಕಿ ಬೆಲ್ಲವನ್ನು ಆ ಐವರ ಕೈಗೆ ಕೊಟ್ಟರು. ಹರಕೆ ಹೊತ್ತ ಒಬ್ಬ ಹೆಂಗಸಿನ ಗಂಡ ಹೆಗಲು ಕೊಡುವವರ ಕಡೆ ಬಂದು ಹಿಂದಕ್ಕೆ ನೋಡುತ್ತಾ ನಿಂತಿದ್ದ. "ಓಗು ನೀನು" ಅಂದಳು ಆಕೆ. "ನಿನ್ ಪಾಲಿಂದೂ ನಾನೇ ಮಾದಪ್ಪುಂಗೆ ಏಳ್ತೀನಿ."

ನಲವತ್ತು ವರ್ಷದಿಂದ ನಡೆಯುತ್ತಿದ್ದ ಮಾದಯ್ಯ ಒಂದು ವರ್ಷವೂ ತಪ್ಪಿಸಿರಲಿಲ್ಲವಂತೆ. ಅವರ ಜೊತೆಯವನೇ ಆಮೇಲೆ ನನಗೆ ಹೇಳಿದ್ದು. ಹಳ್ಳದ ಕಡೆ ನಡೆಯುವಾಗ ನಾನು ತಡೆಯಲಾರದೆ, ನಿಮ್ಮ ಯಾತ್ರೆ ಕೆಟ್ಟಿತಲ್ಲ ಅಂದೆ. "ಮಾದಪ್ಪ ಮುಂದ್ಲೊರ್ಸಾನೂ ಅಲ್ಲೇ ಇರ್ತಾನೆ. ನಿಮ್ ಬಾವುನ್ನ ನಾಳೀಕೆ ಮಡಿಕ್ಕಳಾಕಾಯ್ತದಾ?" ಅಂದರು.

ಜಮೀನೊಂದರ ಬಾಗಿಲಿಗೆ ಅಡ್ಡ ಹಾಕಿದ್ದ ಎರಡು ಬಿದಿರ ಗಳ ತಂದು ಅವಕ್ಕೆ ಗಾಡಿಯ ಟಾರ್ಪಾಲು ಬಿಗಿದರು. ಭಾವನನ್ನು ಅದರ ಮೇಲೆ ಮಲಗಿಸಿದೆವು. ಡ್ರೈವರ್ ತನ್ನ ಹಗ್ಗ ಕೊಟ್ಟ. ಒಬ್ಬ ಮೊದಲು ದಾಟಿ ಅದನ್ನು ಆಚೆ ಮರಕ್ಕೆ ಕಟ್ಟಿದ. ನಾಲ್ವರು ಗಳ ಹೊತ್ತರು, ಒಬ್ಬ ಅಕ್ಕನ ಕೈ ಹಿಡಿದ, ನಾನು ಹಿಂದೆ. ನಡುನೀರಿನಲ್ಲಿ ನನ್ನ ಕಾಲು ಜಾರಿತು. "ಕಾಲೆತ್ಬ್ಯಾಡ, ನೆಲಕ್ಕೊರಸ್ಕಂಡು ಜರುಗು" ಅಂತ ಮಾದಯ್ಯ ತಿರುಗದೆಯೇ ಹೇಳಿದರು. ಭಾವನ ಮೈಗೆ ಒಂದು ಹನಿ ಹಳ್ಳದ ನೀರು ಸೋಕಲಿಲ್ಲ.

ಆಚೆ ದಡದಿಂದ ಹೆಗಲು ಬದಲಾಯಿಸುತ್ತಾ ನಡೆದೆವು. ನನ್ನ ಸರದಿ ಬಂದಾಗ ತೂಕ ಅಂದರೆ ಏನು ಅಂತ ಗೊತ್ತಾಯಿತು. ದಿನವೆಲ್ಲ ಮೂಟೆ ತೂಗಿಸುವವನು ನಾನು. ಸ್ವಲ್ಪ ದೂರ ಹೋದ ಮೇಲೆ ಮಾದಯ್ಯ ಅಕ್ಕನ ಪಕ್ಕಕ್ಕೆ ಬಂದು, "ಯಜಮಾನ್ರು ಏನೇನ್ ಬೆಳೀತಿದ್ರು ತಾಯಿ?" ಅಂತ ಕೇಳಿದರು.

"ಅರಿಸ್ನ" ಅಂದಳು ಅಕ್ಕ. ಒಂದಿಷ್ಟು ಹೆಜ್ಜೆ ಆದ ಮೇಲೆ, "ನೆಲಗಡ್ಲೆ" ಅಂದಳು. ಹೊತ್ತವರಲ್ಲಿ ಒಬ್ಬ, ನೆಲಗಡಲೆಗೆ ಕಾಡುಹಂದಿ ಕಾಟ ಇಲ್ವಾ ಅಂದ. ಅದಕ್ಕೆ ಅಕ್ಕ, ಭಾವ ರಾತ್ರಿ ಅಟ್ಟಣೆ ಮೇಲೆ ಕೂತು ಹಂದಿ ಓಡಿಸಲು ತಗಡು ಬಡಿಯುತ್ತಿದ್ದುದು, ನಿದ್ದೆಗಣ್ಣಲ್ಲಿ ಒಂದು ಸಲ ಮನೆಯ ತಟ್ಟೆಯನ್ನೇ ಬಡಿದು ತೂತು ಮಾಡಿದ್ದು, ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತಳು. ಅಳುತ್ತಲೇ ಹೇಳಿದಳು. ಆರು ಜನ ಅಪರಿಚಿತರು ಹೆಣ ಹೊತ್ತುಕೊಂಡು, ಸತ್ತವನ ಜೊತೆ ಬಾಳಿದವರ ಹಾಗೆ ಹೂಂಗುಟ್ಟುತ್ತಾ ಕೇಳಿದರು. ಆ ಮೂರು ಕಿಲೋಮೀಟರ್ ಹೇಗೆ ಮುಗಿಯಿತೋ ಗೊತ್ತಾಗಲಿಲ್ಲ.

ಊರು ತಲುಪಿದಾಗ ಇನ್ನೂ ಬೆಳಕಿತ್ತು. ತಾಯಿ ಮಗನ ಕೆನ್ನೆ ಸವರಿದರು. ಸೂರ್ಯ ಮುಳುಗುವ ಮೊದಲು ನಮ್ಮ ಪದ್ಧತಿಯಂತೆ ಭಾವನನ್ನು ಗುಣಿಯಲ್ಲಿ ಕೂರಿಸಿ ಮಣ್ಣು ಕೊಟ್ಟೆವು. ಆರು ಜನ ಪಂಪ್‌ಸೆಟ್ ನೀರಿನಲ್ಲಿ ಮಿಂದು, ಪಕ್ಕದ ಮನೆಯವರು ಬಡಿಸಿದ ಮುದ್ದೆ ಉಂಡು, ಜಗಲಿಯಲ್ಲಿ ಮಲಗಿದರು. ಬೆಳಿಗ್ಗೆ ಬಸ್ಸಿನ ಟಿಕೆಟ್ಟಿಗೂ ನನ್ನಿಂದ ಕಾಸು ಮುಟ್ಟಲಿಲ್ಲ.

ನಾನು ಇವತ್ತಿಗೂ ಚೌಕಾಸಿ ಮಾಡುತ್ತೇನೆ. ಅದು ನನ್ನ ಅನ್ನ. ಆದರೆ ಎದುರಿನವನ ಮಾತು ಪೂರ್ತಿ ಕೇಳಿದ ಮೇಲೆ ಮಾಡುತ್ತೇನೆ.

ಓದುವವರಿಗೂ ಇಂಥ ದಿನ ಬಂದೇ ಬರುತ್ತದೆ. ಅದಕ್ಕೇ ಹೇಳುತ್ತೇನೆ. ಗಾಡಿ ಮಾತಾಡುವ ಮೊದಲು ದಾರಿ ಕೇಳಿ, ಆಮೇಲೆ ರೇಟು. ಸಿಗ್ನಲ್ ಇರುವಾಗಲೇ ಊರಿಗೆ ಫೋನ್ ಮಾಡಿ ನಾಲ್ಕು ಜನರನ್ನು ಎದುರು ಬರಲು ಹೇಳಿ. ಗಾಡಿಯಲ್ಲಿ ಹಗ್ಗ ಇದೆಯೋ ನೋಡಿ. ಮುಖ್ಯವಾದದ್ದು, ಪಕ್ಕದಲ್ಲಿ ಕಳೆದುಕೊಂಡವರು ಕೂತಿದ್ದರೆ ಸಮಾಧಾನ ಮಾಡಿಕೋ ಅಂತ ನನ್ನ ಹಾಗೆ ಜಪ ಮಾಡಬೇಡಿ. ಹೋದವರು ಹೇಗಿದ್ದರು ಅಂತ ಕೇಳಿ. ಕೇಳಿ, ಸುಮ್ಮನೆ ಜೊತೆಯಲ್ಲಿ ನಡೆಯಿರಿ.