ಹಳೆಯ ಅಂಗಿ, ಹೊಸ ಹಾಳೆ

ಬೀದಿ ದೀಪಗಳು ಇನ್ನೂ ಆರಿಲ್ಲ. ಓಣಿಯ ಕೊನೆಯ ಮನೆಯ ಅಡುಗೆಮನೆಯಲ್ಲಿ ಮಾತ್ರ ಆಗಲೇ ಒಲೆ ಹತ್ತಿದೆ. ಒಲೆಯ ಮುಂದೆ ನಿಂತ ನರೆಗೂದಲಿನ ಮನುಷ್ಯರೊಬ್ಬರು ಅಲ್ಯೂಮಿನಿಯಂ ಪಾತ್ರೆಯಲ್ಲಿ ಮರದ ಸೌಟನ್ನು ಒಂದೇ ಸಮನೆ ತಿರುಗಿಸುತ್ತಿದ್ದಾರೆ. ಪಾತ್ರೆಯೊಳಗಿನದು ಮೊದಲು ಹಾಲಿನಂತಿರುತ್ತದೆ, ಆಮೇಲೆ ಮೊಸರಿನಂತಾಗುತ್ತದೆ, ಕೊನೆಗೆ ಸೌಟಿನಿಂದ ಇಳಿಯಲು ಮನಸ್ಸಿಲ್ಲದ ಹಾಗೆ ಜೋತುಬೀಳುತ್ತದೆ. ಇವರ ಬಗ್ಗೆ ಬರೆಯಲೆಂದು ಬಂದ ನಾನು ಬಗ್ಗಿ ನೋಡಿದ್ದನ್ನು ಕಂಡು ಅವರು ನಗುತ್ತಾರೆ.

"ತಿಂಡಿ ಅಂದ್ಕೊಂಡ್ರಾ? ಬಾಯಿಗೆ ಹಾಕೀರಾ ಜೋಕೆ. ಹುಳ ಹಿಡೀಬಾರದು ಅಂತ ಮೈಲುತುತ್ತ ಹಾಕಿದೀನಿ. ಇದು ಮೈದಾ ಅಂಟು."

ಒಳಗಿನಿಂದ ಹೆಂಡತಿಯ ದನಿ ಬರುತ್ತದೆ. "ಅಂಟಿನ ಪಾತ್ರೆ ಬೇರೆ, ಚಹಾದ ಪಾತ್ರೆ ಬೇರೆ ಅಂತ ಕಲಿಸೋಕೇ ನನ್ನ ಅರ್ಧ ಆಯಸ್ಸು ಹೋಯ್ತು ನೋಡಿ."

ಓಣಿಯವರಿಗೆ ಇವರು ಪುಸ್ತಕದಣ್ಣ, ಅವರ ಹೆಂಡತಿ ಹೊಲಿಗೆಯಕ್ಕ. ಜನ ಇವರ ಮನೆಗೆ ಹಳೆಯ ಬಟ್ಟೆ ಹಿಡಿದುಕೊಂಡು ಬರುತ್ತಾರೆ. ಅಮ್ಮನ ಹೊದಿಕೆ, ತಮ್ಮನ ಶಾಲೆಯ ಅಂಗಿ, ಮಾರಿಹೋದ ಮನೆಯ ಕಿಟಕಿಯ ಪರದೆ, ಅಜ್ಜನ ಕೋಟಿನ ಒಳಬಟ್ಟೆ. ಗಂಡ ಹೆಂಡತಿ ಸೇರಿ ಆ ಬಟ್ಟೆಯನ್ನೇ ಹೊದಿಕೆ ಮಾಡಿ ಖಾಲಿ ಹಾಳೆಯ ಪುಸ್ತಕ ಕಟ್ಟಿಕೊಡುತ್ತಾರೆ. ಹುಟ್ಟುಹಬ್ಬಕ್ಕೋ, ಊರು ಬಿಟ್ಟು ಹೊರಟ ಗೆಳತಿಗೋ, ನಿವೃತ್ತರಾಗುವ ಅಪ್ಪನಿಗೋ ಕೊಡಲೆಂದು ಮಾಡಿಸುವ ಪುಸ್ತಕಗಳು. ಒಂದರಂತೆ ಇನ್ನೊಂದಿಲ್ಲ. ಅಂಗಡಿ ಇಲ್ಲ, ಬೋರ್ಡಿಲ್ಲ. ಮನೆ ಗೊತ್ತಿಲ್ಲದವರು "ಅಂಟಿನ ವಾಸನೆ ಬರೋ ಮನೆ ಯಾವುದು?" ಎಂದು ಕೇಳಿದರೆ ಸಾಕು.

ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಕಿಟಕಿಯ ಕಡೆಗೆ ಅಕ್ಕನ ಹೊಲಿಗೆ ಯಂತ್ರ, ಗೋಡೆಯ ಕಡೆಗೆ ಅಣ್ಣನ ಹಲಗೆ. ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಹಲಗೆಯ ಮೇಲೆ ರಟ್ಟಿನ ತುಂಡುಗಳು, ದಬ್ಬಳ, ನೂಲಿಗೆ ಉಜ್ಜುವ ಮೇಣದ ಉಂಡೆ. ಅದರ ಪಕ್ಕದಲ್ಲಿ ಕೆಂಡ ತುಂಬಿ ಬಳಸುತ್ತಿದ್ದ ಕಾಲದ ಭಾರಿ ಇಸ್ತ್ರಿ ಪೆಟ್ಟಿಗೆ. ಈಗ ಅದಕ್ಕೆ ಇಸ್ತ್ರಿಯ ಕೆಲಸವಿಲ್ಲ. ಅಂಟು ಹಚ್ಚಿದ ಪುಸ್ತಕ ಸೊಟ್ಟಗಾಗದಂತೆ ಮೇಲೆ ಕೂತಿರುವುದಷ್ಟೇ ಅದರ ಕೆಲಸ. "ಮಾವನವರದ್ದು," ಎನ್ನುತ್ತಾರೆ ಅಣ್ಣ. "ಬದುಕಿದ್ದಾಗ ನನ್ನ ಮೇಲೆ ಕೂತಿದ್ರು, ಈಗ ಪುಸ್ತಕದ ಮೇಲೆ ಕೂತಿದಾರೆ."

ಮಾವನವರ ಮಾತು ಬಂದರೆ ಹಳೆಯ ಕಥೆ ಬಿಚ್ಚಿಕೊಳ್ಳುತ್ತದೆ. ಅಕ್ಕ ಬೇಡ ಬೇಡ ಎನ್ನುತ್ತಲೇ ಯಂತ್ರ ನಿಲ್ಲಿಸಿ ಕಿವಿಗೊಡುತ್ತಾರೆ.

ಆಗ ಅಣ್ಣ ಇಪ್ಪತ್ತರ ಹರೆಯದವರು. ಮುದ್ರಣಾಲಯವೊಂದರ ಬೈಂಡಿಂಗ್ ವಿಭಾಗದಲ್ಲಿ ಕೆಲಸ. ಎದುರುಗಡೆಯೇ ಟೈಲರ್ ಮಾಸ್ತರರ ಅಂಗಡಿ. ಮಾಸ್ತರರ ಮಗಳು ಬಾಗಿಲ ಬಳಿ ಕೂತು ಗುಂಡಿ ಹಾಕುತ್ತಿದ್ದಳು. ಹುಡುಗ ಊಟದ ಬಿಡುವಿನಲ್ಲಿ ಹೋಗಿ, ಪುಸ್ತಕದ ಬೆನ್ನಿಗೆ ಅಂಟಿಸಲು ಚೂರು ಬಟ್ಟೆ ಬೇಕಿತ್ತು ಎಂದ. ಮಾಸ್ತರರು ಒಂದು ಚೀಲ ಚಿಂದಿ ಕೊಟ್ಟು ಕಳಿಸಿದರು. ಚೀಲದಲ್ಲಿ ಆಕಾಶದ ಬಣ್ಣದ ಮೇಲೆ ಬಿಳಿ ಚುಕ್ಕೆಯ ಒಂದು ತುಂಡು ಸಿಕ್ಕಿತು. ಹುಡುಗಿ ತನಗಾಗಿ ಹೊಲಿದುಕೊಂಡಿದ್ದ ಲಂಗದಲ್ಲಿ ಉಳಿದದ್ದು. ಆ ಲಂಗ ಯಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಂಗೈಯಗಲದ ಪುಸ್ತಕ ಕಟ್ಟಿ, ಅದೇ ಬಟ್ಟೆ ಹೊದಿಸಿ, ಮಾಸ್ತರರು ಇಲ್ಲದ ಹೊತ್ತು ನೋಡಿ ಕೊಟ್ಟುಬಿಟ್ಟ.

"ಕೊಟ್ಟು ನಿಂತ್ಕೊಳ್ಳಲಿಲ್ಲ. ಓಡಿದ್ರು," ಎನ್ನುತ್ತಾರೆ ಅಕ್ಕ. "ಏನು ಬರೀಬೇಕು ಅಂತಾದ್ರೂ ಹೇಳಬಾರದಾ? ನನಗೆ ಗೊತ್ತಿದ್ದ ಬರವಣಿಗೆ ಒಂದೇ. ಗಿರಾಕಿಗಳ ಅಳತೆ ಬರೆದೆ. ಎದೆ ಇಷ್ಟು, ಸೊಂಟ ಇಷ್ಟು, ತೋಳು ಇಷ್ಟು."

ಸಂಜೆ ಅಪ್ಪನ ಕಣ್ಣಿಗೆ ಪುಸ್ತಕ ಬಿತ್ತು. ಎಲ್ಲಿಂದ ಬಂತೆಂದು ಕೇಳಿದರು. "ಎದುರಿನ ಪ್ರೆಸ್ಸಿಂದ. ಅಳತೆ ಪುಸ್ತಕ," ಎಂದಳು ಮಗಳು. ಮಾಸ್ತರರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಹೊಲಿಗೆ ಗಟ್ಟಿಯಿದೆ ಎಂದು ಮೆಚ್ಚಿ, ಅಂಗಡಿಗೆ ಇಂಥವೇ ಇನ್ನೊಂದಿಷ್ಟು ಬೇಕೆಂದು ಮರುದಿನವೇ ಹುಡುಗನಿಗೆ ಹೇಳಿದರು. ಹುಡುಗನಿಗೆ ಅಷ್ಟು ಸಾಕಾಯಿತು. ವಾರಕ್ಕೊಂದು ಅಳತೆ ಪುಸ್ತಕ ತರತೊಡಗಿದ. ಕೆಲವು ತಿಂಗಳು ಕಳೆದ ಮೇಲೆ ಮಾಸ್ತರರು ಕತ್ತರಿ ಕೆಳಗಿಟ್ಟು ಕೇಳಿದರಂತೆ: "ಏನಪ್ಪಾ, ನಮ್ಮ ಅಂಗಡೀಲಿ ಗಿರಾಕಿಗಳಿಗಿಂತ ಪುಸ್ತಕಗಳೇ ಜಾಸ್ತಿ ಆದ್ವು. ನಿಜವಾಗಿ ಏನು ಬೇಕು ನಿನಗೆ?"

"ನಾನು ಬಾಯಿ ತಪ್ಪಿ ನಿಜ ಹೇಳಿಬಿಟ್ಟೆ," ಎನ್ನುತ್ತಾರೆ ಅಣ್ಣ. ಅಕ್ಕನ ಮುಖ ಈಗಲೂ ಕೆಂಪೇರುತ್ತದೆ.

ಮದುವೆಯಾಯಿತು. ಹಗಲು ಪ್ರೆಸ್ಸು, ಸಂಜೆ ಈ ಎರಡು ಕೋಣೆ. ಒಬ್ಬಳೇ ಮಗಳು ಹುಟ್ಟಿದಳು, ಪುಸ್ತಕದ ಕಟ್ಟುಗಳ ನಡುವೆಯೇ ಅಂಬೆಗಾಲಿಟ್ಟಳು. ಈಗ ಅವಳು ಎರಡು ಬೀದಿ ಆಚೆ ಬೇಕರಿ ನಡೆಸುತ್ತಾಳೆ. ದಿನವೂ ಮಧ್ಯಾಹ್ನ ಬಂದು, "ನಮ್ಮಪ್ಪನೂ ಮೈದಾ, ನಾನೂ ಮೈದಾ. ನಂದಾದ್ರೆ ತಿನ್ನಬಹುದು," ಎಂದು ಅಪ್ಪನನ್ನು ಕೆಣಕಿ ಹೋಗುತ್ತಾಳೆ.

ಪ್ರೆಸ್ಸಿನ ದಿನಗಳನ್ನು ನೆನೆಯುವಾಗ ಅಣ್ಣನ ಕೈ ತಾನಾಗಿಯೇ ಗಾಳಿಯಲ್ಲಿ ಹಾಳೆ ಮಡಿಚುತ್ತದೆ. ಉದ್ದನೆಯ ಮೇಜಿನ ಎರಡೂ ಬದಿಗೆ ಕೂತ ಜನ, ಮಡಿಚಿದ ಹಾಳೆಯ ಸರಸರ ಸದ್ದು, ಹೊಸ ಶಾಯಿಯ ಘಮ, ಮೂಲೆಯಲ್ಲಿ ಯಾರೋ ಹಾಡು ಗುನುಗಿದರೆ ಎಲ್ಲರ ಸೂಜಿಯೂ ಅದೇ ಲಯಕ್ಕೆ ಬೀಳುತ್ತಿದ್ದುದು. "ಒಬ್ಬರು ಆಕಳಿಸಿದ್ರೆ ಇಡೀ ಮೇಜು ಆಕಳಿಸ್ತಿತ್ತು," ಎನ್ನುತ್ತಾರೆ. ಒಂದು ದಿನ ಯಂತ್ರ ಬಂತು. ಹಾಳೆಗಳ ಬೆನ್ನು ಕತ್ತರಿಸಿ, ಬಿಸಿ ಗೋಂದು ಬಳಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಪುಸ್ತಕ ಉಗುಳುವ ಯಂತ್ರ. ಹೊಲಿಯುವವರು ಬೇಡವಾದರು. ಮೇಜನ್ನೂ ಬಿಚ್ಚಿ ಹಲಗೆ ಹಲಗೆಯಾಗಿ ಹೊರಗೆ ಸಾಗಿಸಿದರು. ಅದರಲ್ಲಿ ಒಂದು ಹಲಗೆಯನ್ನು ಕೇಳಿ ಪಡೆದು ಹೆಗಲ ಮೇಲೆ ಹೊತ್ತು ತಂದರು ಅಣ್ಣ. ಈಗ ಗೋಡೆಯ ಬದಿಗೆ ಇರುವುದು ಅದೇ.

ಆಮೇಲೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಅವರು ಪುಸ್ತಕ ಮುಟ್ಟಲಿಲ್ಲ. ಆಸ್ಪತ್ರೆಯೊಂದರಲ್ಲಿ ರೋಗಿಗಳ ತಳ್ಳುಗಾಡಿ ದೂಡಿದರು. ಅಕ್ಕ ಹಳೆ ಬಟ್ಟೆ ಚಿಕ್ಕದು ಮಾಡುತ್ತ, ದೊಡ್ಡದು ಮಾಡುತ್ತ ಮನೆ ತೂಗಿಸಿದರು. ಅಣ್ಣ ಬೇಸರದಲ್ಲಿ ದಬ್ಬಳ, ಸುತ್ತಿಗೆ ಎಲ್ಲವನ್ನೂ ಗುಜರಿಗೆ ಹಾಕು ಎಂದಾಗ ಅಕ್ಕ ಹೂಂ ಎಂದು ಯಂತ್ರದ ಕೆಳಗಿನ ಡ್ರಾಯರಿನಲ್ಲಿ ತುಂಬಿಟ್ಟರು. "ನಾನು ಹೂಂ ಅಂದೆ, ಹಾಕ್ತೀನಿ ಅನ್ನಲಿಲ್ಲ."

ಹೀಗಿರುವಾಗ ಒಂದು ಸಂಜೆ ಹಿಂದಿನ ಬೀದಿಯ ನರ್ಸ್ ಮನೆಗೆ ಬಂದರು. ಕೈಯಲ್ಲಿ ಒಂದು ಅಂಗಿ. ಅವರ ಗಂಡ ಲೆಕ್ಕದ ಮೇಷ್ಟ್ರು, ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಉಳಿದ ಬಟ್ಟೆಯನ್ನೆಲ್ಲ ದುಃಖದ ಭರದಲ್ಲಿ ಯಾರಿಗೋ ಕೊಟ್ಟಾಗಿತ್ತು. ಬಾಗಿಲ ಹಿಂದೆ ನೇತಾಡುತ್ತಿದ್ದ ಈ ಬೂದು ಚೌಕಳಿ ಅಂಗಿಯೊಂದೇ ಉಳಿದಿತ್ತು. ಮಗಳು ಕಾಲೇಜಿಗೆ ಸೇರುವವಳಿದ್ದಳು. "ಅವರು ಹೋದಾಗಿನಿಂದ ಅವಳು ಅಪ್ಪ ಅನ್ನೋ ಮಾತೇ ಎತ್ತಿಲ್ಲ ಅಕ್ಕ. ಅಳಲೂ ಇಲ್ಲ. ಇದರಲ್ಲಿ ಅವಳಿಗೆ ಏನಾದ್ರೂ ಮಾಡಿಕೊಡಿ," ಎಂದರು ನರ್ಸ್.

ಅಕ್ಕ ದಿಂಬಿನ ಚೀಲ ಮಾಡೋಣವೆಂದರು. ಕಾಲೇಜಿಗೆ ದಿಂಬು ಒಯ್ಯಲಾಗುತ್ತದೆಯೇ ಎಂದು ತಾವೇ ತಲೆಯಾಡಿಸಿದರು. ಆಗ ಮೂಲೆಯಲ್ಲಿ ಚಪ್ಪಲಿ ಬಿಚ್ಚುತ್ತಿದ್ದ ಅಣ್ಣ, ಯಾರೂ ಕೇಳದಿದ್ದರೂ, "ಪುಸ್ತಕ ಮಾಡಬಹುದು," ಎಂದರು. ಹೇಳಿದ ಮೇಲೆ ಅವರಿಗೇ ಗಾಬರಿ. ಕೈಗೆ ಅಭ್ಯಾಸ ತಪ್ಪಿತ್ತು. ಅಂಗಿ ಒಂದೇ. ಕೆಟ್ಟರೆ ಇನ್ನೊಂದಿಲ್ಲ.

ನರ್ಸ್ ಹೋದ ಮೇಲೆ ಅಕ್ಕ ಡ್ರಾಯರ್ ಎಳೆದು ಹಳೆಯ ಸಾಮಾನನ್ನೆಲ್ಲ ಹಲಗೆಯ ಮೇಲೆ ಸುರಿದರು. ಅಣ್ಣ ಒಂದೊಂದನ್ನೇ ಎತ್ತಿ ನೋಡಿದರಂತೆ.

ಕೆಲಸಕ್ಕೆ ಕೂತಾಗ ತೊಡಕು ಗೊತ್ತಾಯಿತು. ಪ್ರೆಸ್ಸಿನಲ್ಲಿ ಬಳಸುತ್ತಿದ್ದುದು ದಪ್ಪನೆಯ ಬೈಂಡಿಂಗ್ ಬಟ್ಟೆ. ಮೇಷ್ಟ್ರ ಅಂಗಿ ತೊಟ್ಟು ತೊಟ್ಟು ಸವೆದು ಬೆಳಕು ಹಾಯುವಷ್ಟು ತೆಳ್ಳಗಾಗಿತ್ತು. ಬೇರೊಂದು ಹಳೆ ಬಟ್ಟೆಯ ಮೇಲೆ ಪರೀಕ್ಷಿಸಿದರೆ ಅಂಟು ಸೀದಾ ಮೇಲಕ್ಕೆ ಒಸರಿ ಕಲೆ ಕಟ್ಟಿತು. ಇನ್ನೊಂದು ತುಂಡಿನಲ್ಲೂ ಅದೇ. ಅಣ್ಣ ಕೈಚೆಲ್ಲಿದರು. ನಾಳೆ ಹೋಗಿ ಆಗಲ್ಲ ಎಂದು ಹೇಳಿಬಿಡುತ್ತೇನೆ ಎಂದರು.

"ನಾನು ಕೇಳಿದೆ: ಕಾಲರ್ ಹೇಗ್ರೀ ನೆಟ್ಟಗೆ ನಿಲ್ಲತ್ತೆ?" ಎಂದು ಅಕ್ಕ ಕಥೆ ಮುಂದುವರಿಸುತ್ತಾರೆ. "ಒಳಗೊಂದು ಗಟ್ಟಿ ಬಟ್ಟೆ ಕೊಟ್ಟಿರ್ತೀವಿ, ಅದಕ್ಕೆ. ಇದಕ್ಕೂ ಒಳಗಡೆ ಏನಾದ್ರೂ ಕೊಡಿ ಅಂದೆ."

ತೆಳ್ಳನೆಯ ಕಾಗದಕ್ಕೆ ಗಟ್ಟಿ ಅಂಟನ್ನು ನವಿರಾಗಿ ಬಳಿದು, ಅದು ಅರೆ ಒಣಗಿದ ಮೇಲೆ ಬಟ್ಟೆಯ ಹಿಂಬದಿಗೆ ಕೂರಿಸಿದರು. ಅಂಟು ಕಾಗದದಲ್ಲೇ ನಿಂತಿತು. ಬಟ್ಟೆಗೆ ಮೈ ಬಂತು. ಇವತ್ತಿಗೂ ಈ ಮನೆಯ ಪ್ರತಿ ಪುಸ್ತಕ ಹಾಗೆಯೇ ಆಗುವುದು. "ಅರ್ಧ ಕಾಲರ್, ಅರ್ಧ ಪುಸ್ತಕ. ನಾನು ಒಬ್ಬನೇ ಆಗಿದ್ರೆ ಆಗ್ತಿರಲಿಲ್ಲ," ಎನ್ನುತ್ತಾರೆ ಅಣ್ಣ.

ಆದರೆ ನಿಜವಾದ ಜಗಳ ಆದದ್ದು ಜೇಬಿನ ಮೇಲೆ. ಮೇಷ್ಟ್ರ ಜೇಬಿನಲ್ಲಿ ಕೆಂಪು ಪೆನ್ನು ಸೋರಿ, ಒಗೆದರೂ ಹೋಗದ ಕಲೆ ಉಳಿದಿತ್ತು. ಅಣ್ಣನಿಗೆ ಬೈಂಡರನ ಶಿಸ್ತು. ಮುಖಪುಟದ ಮೇಲೆ ಕಲೆ ಎಂದರೆ ಅವಮಾನ. ಅಂಗಿಯ ಬೆನ್ನಿನ ಕಡೆಯ ಬಟ್ಟೆ ತೆಗೆದುಕೊಳ್ಳೋಣ, ಅಚ್ಚುಕಟ್ಟಾಗಿದೆ ಎಂದರು. ಅಕ್ಕ ಕತ್ತರಿ ಕೊಡಲಿಲ್ಲ. "ಅಚ್ಚುಕಟ್ಟಾದ ಬಟ್ಟೆ ಅಂಗಡೀಲಿ ಸಿಗಲ್ವಾ? ಜೇಬು ಮೇಲೇ ಬರಲಿ, ಕಲೆ ಸಮೇತ," ಎಂದರು. ಒಂದು ಹಗಲು ಕತ್ತರಿ ಅಕ್ಕನ ಮಡಿಲಲ್ಲೇ ಇತ್ತು. ಕೊನೆಗೆ ಅಣ್ಣ ಸೋತರು. ಜೇಬನ್ನು ಬಿಚ್ಚದೆ, ಅದು ಮುಖಪುಟದ ನಡುವೆ ಬರುವಂತೆ ಕತ್ತರಿಸಿದರು.

ಪುಸ್ತಕ ಕೊಟ್ಟ ಮರುದಿನ ಬಾಗಿಲು ತಟ್ಟಿದ್ದು ನರ್ಸ್ ಅಲ್ಲ, ಅವರ ಮಗಳು. ಪುಸ್ತಕವನ್ನು ಎದೆಗೊತ್ತಿಕೊಂಡು ಹೊಸ್ತಿಲಲ್ಲೇ ನಿಂತಿದ್ದಳು. ಕಲೆಯ ಬಗ್ಗೆ ದೂರು ಹೇಳಲು ಬಂದಳೇನೋ ಎಂದುಕೊಂಡರು ಅಣ್ಣ.

"ಈ ಕಲೆಗೆ ಅಮ್ಮ ಅಪ್ಪನಿಗೆ ಎಷ್ಟು ಬೈದಿದಾಳೆ ಗೊತ್ತಾ?" ಎಂದಳು ಹುಡುಗಿ. "ಪೆನ್ನಿನ ಮುಚ್ಚಳ ಹಾಕೋದು ಅಪ್ಪನಿಗೆ ಯಾವತ್ತೂ ನೆನಪಿರ್ತಾ ಇರಲಿಲ್ಲ." ಹೇಳುತ್ತ ಹೇಳುತ್ತ ನಗತೊಡಗಿದಳು. ಆ ನಗುವೇ ಯಾವಾಗಲೋ ಅಳುವಾಯಿತು. ಅಕ್ಕ ಅವಳನ್ನು ಒಳಗೆ ಕರೆದು ಯಂತ್ರದ ಸ್ಟೂಲಿನ ಮೇಲೆ ಕೂರಿಸಿದರು. ಕತ್ತಲಾಗುವವರೆಗೂ ಅವಳು ಅಪ್ಪನ ಮಾತೇ ಆಡಿದಳು. ಅಣ್ಣ ಅಡುಗೆಮನೆಗೆ ಹೋಗಿ ಚಹಾ ಮಾಡಿದರು. "ಸರಿಯಾದ ಪಾತ್ರೇಲೇ ಮಾಡಿದ್ರು," ಎನ್ನುತ್ತಾರೆ ಅಕ್ಕ.

ನರ್ಸ್ ಆಸ್ಪತ್ರೆಯಲ್ಲಿ ಹೇಳಿದರು, ಹುಡುಗಿ ಕಾಲೇಜಿನಲ್ಲಿ ತೋರಿಸಿದಳು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹಬ್ಬಿತು. ಅಣ್ಣ ತಳ್ಳುಗಾಡಿ ಬಿಟ್ಟು ಹಲಗೆಗೆ ಮರಳಿದರು.

ಈಗ ದಿನಕ್ಕೆ ಒಂದು ಪುಸ್ತಕ, ಬಹಳವೆಂದರೆ ಎರಡು. ಹೆಚ್ಚು ಮಾಡಿದರೆ ಅಂಟು ಒಣಗಲು ಪುರಸೊತ್ತಿರುವುದಿಲ್ಲ ಎಂಬುದು ಅಣ್ಣನ ವಾದ. ಇವರ ಸೊಂಟಕ್ಕೆ ಪುರಸೊತ್ತು ಬೇಕು ಎಂಬುದು ಅಕ್ಕನ ತಿದ್ದುಪಡಿ. ಅಕ್ಕನ ಕಣ್ಣು ಮೊದಲಿನಷ್ಟು ಚುರುಕಿಲ್ಲ, ನೂಲು ಸೂಜಿಯ ಕಣ್ಣಿನಿಂದ ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಅಂಟು ಇಳಿಸಿದ ಕೂಡಲೇ ಅಣ್ಣನ ಮುಂದಿನ ಕೆಲಸ ಸೂಜಿಗಳಿಗೆಲ್ಲ ನೂಲು ಪೋಣಿಸಿ ಹೆಂಡತಿಯ ಸೂಜಿಮೆತ್ತೆಗೆ ಸಾಲಾಗಿ ಚುಚ್ಚಿಡುವುದು. ಇದನ್ನು ಅವರು ಹೇಳಲಿಲ್ಲ, ನಾನೇ ನೋಡಿದೆ. ಕೇಳಿದ್ದಕ್ಕೆ, "ಅದೇನು ಬರೀತೀರಿ ಬಿಡಿ," ಎಂದರು.

ಬಟ್ಟೆ ತಂದವರೆಲ್ಲ ಕೊಟ್ಟು ಹೋಗಿಬಿಡುವುದಿಲ್ಲ. ಕೂತುಕೊಳ್ಳುತ್ತಾರೆ, ಆ ಬಟ್ಟೆಯ ಕಥೆ ಹೇಳುತ್ತಾರೆ. ಮೊನ್ನೆ ದಪ್ಪ ಮೀಸೆಯ ಲಾರಿ ಡ್ರೈವರೊಬ್ಬ ಅವ್ವನ ಅಡುಗೆಮನೆಯ ಏಪ್ರನ್ ತಂದಿದ್ದ, ತನ್ನ ಒಡಹುಟ್ಟಿದ ಅಕ್ಕನಿಗೆ ಪುಸ್ತಕ ಮಾಡಿಸಿ ಉಡುಗೊರೆ ಕೊಡಲು. ಅಂಚಿನಲ್ಲಿ ಸುಟ್ಟ ಗುರುತಿತ್ತು. "ಅದನ್ನ ಬಿಡಬೇಡಿ ಅಣ್ಣ, ಅದೇ ಮುಖ್ಯ," ಎಂದು ಎರಡೆರಡು ಸಲ ಹೇಳಿ, ಹೋಗುವಾಗ ಬಾಗಿಲಿಂದ ಮತ್ತೆ ತಿರುಗಿ ಹೇಳಿ ಹೋದನಂತೆ.

ಹೊರಡುವ ಮುನ್ನ, ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅಣ್ಣ ಅಂಟಿನ ಬೆರಳುಗಳನ್ನು ಒರೆಸಿಕೊಳ್ಳುತ್ತ ಯೋಚಿಸುತ್ತಾರೆ.

"ತುಂಬ ಜನ ಬರೆಯೋದೇ ಇಲ್ಲ ಸ್ವಾಮಿ. ಇಷ್ಟು ಚೆನ್ನಾಗಿದೆ, ಬರೆದು ಹಾಳು ಮಾಡೋಕೆ ಮನಸ್ಸು ಬರಲ್ಲ ಅಂತಾರೆ. ಬೀರುವಿನಲ್ಲಿ ಇಟ್ಟುಬಿಡ್ತಾರೆ. ಅದು ಹೊಗಳಿಕೆ ಅಂತ ಅವರು ಅಂದ್ಕೊಂಡಿದಾರೆ, ನನಗೆ ಸಂಕಟ ಆಗತ್ತೆ. ಬಟ್ಟೆ ಒಂದು ಸಲ ಸವೆದು ಬಂದಿದೆ, ಇನ್ನೊಂದು ಸಲ ಸವೀಲಿ. ತಪ್ಪು ಬರೀಲಿ, ಹೊಡೆದುಹಾಕಲಿ, ಮಕ್ಕಳು ಗೀಚಲಿ. ಮೂಲೆ ಹರೀಲಿ, ಬೆನ್ನು ಬಿಡಲಿ. ಬಿಟ್ಟುಹೋದ್ರೆ ವಾಪಸ್ ತರಲಿ, ನಾನಿದೀನಲ್ಲ."

ಕಿಟಕಿಯ ಬಳಿ ಯಂತ್ರದ ಸದ್ದು ನಿಲ್ಲುತ್ತದೆ. "ನಾನಂತೆ ನಾನು," ಎನ್ನುತ್ತಾರೆ ಅಕ್ಕ, ತಲೆ ಎತ್ತದೆ.

ಅಣ್ಣ ನನ್ನ ಕಡೆ ನೋಡಿ ಮೆಲ್ಲಗೆ ನಗುತ್ತಾರೆ. "ನಾವಿದೀವಿ. ಹಂಗೇ ಬರ್ಕೊಳ್ಳಿ."